ನೀರಿಗೆ ಬಿದ್ದರೆ ಕರಗುತ್ತಿದ್ದ ನ್ಯಾನೊನಾರಿನ ಹಾಳೆ

ಪಾಲಿವಿನೈಲ್ ಆಲ್ಕೋಹಾಲ್ (ಪಿವಿಎ) ಎಂಬ ನೀರಿನಲ್ಲಿ ಕರಗುವ ಪಾಲಿಮರ್‌ನಿಂದ ನೂತ ನ್ಯಾನೊನಾರಿನ, ಅಂದರೆ ಅತಿ ಸೂಕ್ಷ್ಮ ಎಳೆಗಳ, ಹಾಳೆ ನೀರಿಗೆ ಬಿದ್ದ ಕೂಡಲೇ ಮುದುಡಿ ಅಂಟಿನಂತಾಗುತ್ತಿತ್ತು. ಕರಗದಂತೆ ಮಾಡಲು ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದರೆ ಅಲ್ಲೇ ಕರಗಿತು. ಆಮ್ಲವಿಲ್ಲದೆ ಬರಿದೇ ಕಾಯಿಸಿದ ಹಾಳೆ ಬಿಸಿನೀರಿನಲ್ಲಿ ನಿಲ್ಲಲಿಲ್ಲ.

ಆಮ್ಲವನ್ನು ನೂಲುವ ಮೊದಲೇ ಬೆರೆಸಬೇಕು. ಶೇ 10ರ ಪಿವಿಎ ದ್ರಾವಣವನ್ನು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಿಸಿ, ತಣಿದ ಮೇಲೆ ಪಿವಿಎ ತೂಕದ ಶೇ 20ರಷ್ಟು ಸಿಟ್ರಿಕ್ ಆಮ್ಲ ಹಾಕಿದೆ. ನೂತ ಹಾಳೆಯನ್ನು 60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದೆ. ಈ ಹಂತ ಬಿಡಬೇಡಿ, ತೇವ ಉಳಿದರೆ ಆಮ್ಲ ಮತ್ತು ಪಿವಿಎಯನ್ನು ಬೆಸೆಯುವ ಎಸ್ಟರ್ ಬಂಧ ಸರಿಯಾಗಿ ಕೂಡುವುದಿಲ್ಲ. ಬಳಿಕ ಅಂಚು ಬಿಗಿದು 140 ಡಿಗ್ರಿಯಲ್ಲಿ ಎರಡು ಗಂಟೆ. 120ರಲ್ಲಿ ಅರ್ಧ ಗಂಟೆ ಸಾಲಲಿಲ್ಲ. ಬಿಳಿ ಹಾಳೆ ತುಸು ಹಳದಿಗೆ ತಿರುಗಿತು. ತೊಳೆದ ನೀರು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸದವರೆಗೆ ತೊಳೆದು, ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣದಲ್ಲಿಟ್ಟೆ. ಬಂಧಕ್ಕೆ ಸಿಗದೆ ಉಳಿದ, ಸಿಟ್ರಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳು (ಆಮ್ಲಗುಣದ ಪರಮಾಣು ಗುಂಪುಗಳು) ಬಣ್ಣ ಹಿಡಿದು ಹಾಳೆ ಗಾಢ ನೀಲಿಯಾಯಿತು, ದ್ರಾವಣ ತಿಳಿಯಾಯಿತು.