ಗಡಿಯಾಚೆ ಬೆಂಕಿ, ನಮ್ಮ ಕಣಿವೆಯಲ್ಲಿ ಹೊಗೆ: ಕೊಡಗಿನಲ್ಲಿ ಪತ್ತೆ ಹಚ್ಚುವುದು, ಅಳೆಯುವುದು, ಆರಿಸುವುದು

ಫೆಬ್ರವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಚೆನ್ನಾಗಿ ಬೀಳುವವರೆಗೆ ಕೇರಳ ಗಡಿಯ ಕುಟ್ಟ, ಶ್ರೀಮಂಗಲ, ಬಿರುನಾಣಿ, ಮಾಕುಟ್ಟ, ಕರಿಕೆ ಕಡೆಯ ಗದ್ದೆ ಬಯಲಲ್ಲಿ ಬೆಳಗಿನ ಹೊತ್ತು ಹೊಗೆ ಕಟ್ಟಿಕೊಂಡಿದ್ದರೆ, ಅದು ಬಹುಮಟ್ಟಿಗೆ ಹಿಂದಿನ ದಿನದ ಬೆಂಕಿಯದು. ಜ್ವಾಲೆ ಮಧ್ಯಾಹ್ನ ಕಾಣುತ್ತದೆ, ಜನ ಓಡುತ್ತಾರೆ, ಸಂಜೆಗೆ ಆರಿತೆಂದು ಮರಳುತ್ತಾರೆ. ಆಮೇಲೆ ರಾತ್ರಿಯಿಡೀ ಮರದ ಬೊಡ್ಡೆ, ಬಿದಿರು ಮೆಳೆಯ ಬುಡ, ಒಣಗಿದ ಆನೆ ಲದ್ದಿ ಬೂದಿಯಡಿಯಲ್ಲಿ ಕನಲುತ್ತಲೇ ಇರುತ್ತವೆ. ಜ್ವಾಲೆಯಿಲ್ಲದೆ ಕನಲುವ ಬೆಂಕಿ ಸುಟ್ಟ ಪ್ರತಿ ಕಿಲೋಗೆ ಬಿಡುವ ಹೊಗೆ ಜ್ವಾಲೆಯದ್ದಕ್ಕಿಂತ ಹೆಚ್ಚು. ಇಳಿಜಾರಿನಿಂದ ಕೆಳಗೆ ಹರಿಯುವ ರಾತ್ರಿಯ ತಂಪು ಗಾಳಿ ಅದನ್ನು ಕಣಿವೆಗೆ ತಂದು ಸುರಿಯುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳ ಹಾಕಿರುವುದರಿಂದ ಬಿಸಿಲೇರುವ ತನಕ ಅದು ಕದಲುವುದಿಲ್ಲ. ಹಾಗಾಗಿ ನಿಗಾ ಇಡುವಾಗಲೂ ಆರಿಸುವಾಗಲೂ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮಂಜೋ ಹೊಗೆಯೋ

ತೇವಾಂಶ ಮಾಪಕ ನೋಡಿ. ಸಾಪೇಕ್ಷ ತೇವಾಂಶ ಶೇ 95ಕ್ಕಿಂತ ಮೇಲಿದ್ದು ಎದುರಿನ ಬೆಟ್ಟ ಮರೆಯಾಗಿದ್ದರೆ ಮಂಜು. 80ಕ್ಕಿಂತ ಕೆಳಗಿದ್ದೂ ಮರೆಯಾಗಿದ್ದರೆ ಹೊಗೆ ಅಥವಾ ದೂಳು. ನಡುವೆ ಇದ್ದರೆ ಎರಡೂ ಸೇರಿರಬಹುದು, ಹತ್ತು ಗಂಟೆಯವರೆಗೆ ಕಾಯಿರಿ. ನಿಮ್ಮ ಅಂಗಳದಿಂದ 2, 5, 10, 20 ಕಿಲೋಮೀಟರ್ ದೂರದ ಗುರುತುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಒಂದು ಟವರ್, ಒಂದು ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಮೀನು) ಅಂಚು, ದೂರಕ್ಕೆ ತಡಿಯಂಡಮೋಳ್ ಅಥವಾ ಬ್ರಹ್ಮಗಿರಿಯ ಸಾಲು. ಪ್ರತಿದಿನ ಬೆಳಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಯಾವುದರವರೆಗೆ ಕಾಣುತ್ತದೆ ಎಂದು ಬರೆಯುತ್ತ ಹೋದರೆ ಅದೇ ಒಳ್ಳೆಯ ದಾಖಲೆ.

ಉಪಗ್ರಹದ ಕೆಂಪು ಚುಕ್ಕೆ

ನಾಸಾದ ‘ಫರ್ಮ್ಸ್’ (FIRMS) ನಕ್ಷೆ ಉಚಿತ, ಉಪಗ್ರಹ ಕಂಡ ಬೆಂಕಿಯನ್ನು ಕೆಂಪು ಚುಕ್ಕೆಯಾಗಿ ತೋರಿಸುತ್ತದೆ. ಅದರಲ್ಲಿ ವೀರ್ಸ್ (VIIRS) ಎಂಬ ಉಪಗ್ರಹ ಉಪಕರಣದ ಪದರವನ್ನು ಆಯ್ದುಕೊಳ್ಳಿ. ಅದರ ಒಂದು ಚೌಕ 375 ಮೀಟರ್, ಅಂದರೆ ಸುಮಾರು 35 ಎಕರೆ. ಇನ್ನೊಂದು ಉಪಕರಣವಾದ ಮೋಡಿಸ್‌ನ (MODIS) ಚೌಕ 1 ಕಿಲೋಮೀಟರ್, ತೋಟದ ಲೆಕ್ಕಕ್ಕೆ ಅದು ತೀರ ದೊಡ್ಡದು. ಚುಕ್ಕೆ ಬಿದ್ದಿರುವುದು ಚೌಕದ ನಡುವಿಗೆ, ಬೆಂಕಿ ಆ ಚೌಕದೊಳಗೆ ಎಲ್ಲಿಯಾದರೂ ಇರಬಹುದು. ‘ಚುಕ್ಕೆ ನಮ್ಮ ಬೇಲಿಯೊಳಗೇ ಇದೆ’ ಎಂದು ಗಾಬರಿಯಾಗುವವರಿಗೂ, ‘ಆಚೆ ಇದೆ, ನಮಗೇನು’ ಎಂದು ಸುಮ್ಮನಾಗುವವರಿಗೂ ಈ ಮಾತು ಅನ್ವಯಿಸುತ್ತದೆ.

ವೀರ್ಸ್ ಹೊತ್ತ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮಾಹಿತಿ ನಕ್ಷೆಗೆ ಬರಲು ಸುಮಾರು ಮೂರು ಗಂಟೆ ಬೇಕು. ಸಮಯ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ಐದೂವರೆ ಗಂಟೆ ಸೇರಿಸಿ. ಮಧ್ಯಾಹ್ನ ಮೂರಕ್ಕೆ ಹೊತ್ತಿ ಸಂಜೆಗೆ ಆರಿದ ಹುಲ್ಲಿನ ಬೆಂಕಿ ನಕ್ಷೆಗೆ ಬರುವುದೇ ಇಲ್ಲ. ದಟ್ಟ ಮರದಡಿಯ ತರಗೆಲೆ ಬೆಂಕಿ, ಮೋಡದಡಿಯ ಬೆಂಕಿಯೂ ತಪ್ಪಿಹೋಗಬಹುದು. ಚುಕ್ಕೆ ಇಲ್ಲವೆಂದರೆ ಬೆಂಕಿ ಇಲ್ಲವೆಂದು ಅರ್ಥವಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ ಎಚ್ಚರಿಕೆ ವ್ಯವಸ್ಥೆಯಲ್ಲೂ ನೋಂದಾಯಿಸಿಕೊಳ್ಳಿ, ಸಂದೇಶ ಮೊಬೈಲಿಗೆ ಬರುತ್ತದೆ. ಒಟ್ಟು ಎಷ್ಟು ಸುಟ್ಟಿತೆಂದು ನೋಡಲು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ, ಆದರೆ ಅವು ಐದು ದಿನಕ್ಕೊಮ್ಮೆ.

ಚುಕ್ಕೆ ಸಿಕ್ಕ ಮೇಲೆ ಗಾಳಿಯನ್ನು ನೋಡಿ. ಹೈಸ್ಪ್ಲಿಟ್ ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಟ್ಟು, ನೆಲದಿಂದ 100 ಮತ್ತು 500 ಮೀಟರ್ ಎತ್ತರದಲ್ಲಿ, 24 ಗಂಟೆ ಹಿಂದಕ್ಕೆ ಗಾಳಿಯ ಜಾಡು ಎಳೆಸಿ. ಎರಡು ಗೆರೆಗಳೂ ಒಂದೇ ಚುಕ್ಕೆಯ ಗುಂಪಿನ ಮೇಲೆ ಹಾದರೆ ಮಾತ್ರ ನಂಬಿ. ವಿಂಡಿಯಂಥ ಹವಾಮಾನ ಆ್ಯಪ್‌ಗಳಲ್ಲಿ ಕಾಣುವ ಹೊಗೆಯ ಮುನ್ಸೂಚನೆ ಸುಮಾರು 40 ಕಿಲೋಮೀಟರ್ ಚೌಕದ್ದು, ಇಡೀ ಕೊಡಗಿನ ವಿಸ್ತೀರ್ಣ ಎರಡು ಮೂರು ಚೌಕದಷ್ಟೇ. ಘಟ್ಟದ ಏರಿಳಿತ ಅದಕ್ಕೆ ಗೊತ್ತಿಲ್ಲ.

ಮನೆಯ ಮಾಪಕ

ಗಾಳಿಯ ಸಣ್ಣ ಕಣ ಅಳೆಯುವ ಪಿಎಂಎಸ್ 5003 ಸೆನ್ಸರ್, ಓದನ್ನು ದಾಖಲಿಸಲು ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ತೇವಾಂಶಕ್ಕೆ ಒಂದು ಬಿಎಂಇ 280 ಸೆನ್ಸರ್: ಇಷ್ಟು ಸಾಕು. ಸೆನ್ಸರಿಗೆ 5 ವೋಲ್ಟ್ ಕೊಡಿ, ಅದರ ಮಾಹಿತಿ ತಂತಿ 3.3 ವೋಲ್ಟಿನದಾದ್ದರಿಂದ ಬೋರ್ಡಿಗೆ ನೇರ ಜೋಡಿಸಬಹುದು, ಮಾಹಿತಿಯ ವೇಗ (ಬಾಡ್) 9600. ಸೆನ್ಸರ್ ಎಚ್ಚರವಾದ ಮೇಲೆ ಮೊದಲ 30 ಸೆಕೆಂಡಿನ ಓದನ್ನು ಬಿಟ್ಟುಬಿಡಿ. ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಓಡಿಸಿ ಮಲಗಿಸಿದರೆ ಲೇಸರ್ ಹೆಚ್ಚು ಕಾಲ ಬಾಳುತ್ತದೆ. ಕರೆಂಟ್ ಹೋದಾಗ 10,000 ಎಂಎಎಚ್ ಪವರ್ ಬ್ಯಾಂಕ್ ಒಂದು ದಿನ ತಳ್ಳುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆಯುವ ಬೋರ್ಡನ್ನು ಕಂಡು ತಾವೇ ಆಫ್ ಆಗುತ್ತವೆ. ಮೊದಲೇ ಪರೀಕ್ಷಿಸಿ.

ಕೂರಿಸುವ ಜಾಗದಲ್ಲೇ ಹೆಚ್ಚಿನವರು ಎಡವುವುದು. ಬಚ್ಚಲೊಲೆಯ ಹೊಗೆಗೂಡಿನಿಂದ ದೂರವಿರಲಿ. ಕಾಫಿ ಒಣಗಿಸುವ ಕಣದಿಂದಲೂ ದೂರವಿರಲಿ, ಫೆಬ್ರವರಿಯಲ್ಲಿ ರೋಬಸ್ಟಾ ಹರವಿ ಎಳೆಯುವಾಗ ಏಳುವ ದೂಳು ಮಾಪಕವನ್ನು ದಾರಿ ತಪ್ಪಿಸುತ್ತದೆ. ಎರಡೂವರೆ ಮೀಟರ್ ಎತ್ತರದಲ್ಲಿ, ಕೆಳಮುಖವಾಗಿ ತೆರೆದ ಪಿವಿಸಿ ಬೆಂಡಿನೊಳಗೆ ಕೂರಿಸಿ ಬಾಯಿಗೆ ಬಲೆ ಕಟ್ಟಿ. ಬಲೆಯಿಲ್ಲದಿದ್ದರೆ ಜೇಡ ಗೂಡು ಕಟ್ಟುತ್ತದೆ, ಓದು ಕಾರಣವಿಲ್ಲದೆ ಜಿಗಿಯುತ್ತದೆ.

ಇಂಥ ಸೆನ್ಸರ್ ಹೊಗೆಯಲ್ಲೂ ತೇವದಲ್ಲೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇದೇ ಸೆನ್ಸರ್ ಇರುವ ಮಾಪಕಕ್ಕೆ ಕೊಟ್ಟ ಸೂತ್ರದಿಂದ ಶುರು ಮಾಡಬಹುದು: ಸೆನ್ಸರ್ ‘ಸಿಎಫ್ 1’ ಹೆಸರಿನಲ್ಲಿ ಕೊಡುವ ಓದನ್ನು 0.524ರಿಂದ ಗುಣಿಸಿ, ತೇವಾಂಶವನ್ನು 0.0862ರಿಂದ ಗುಣಿಸಿ ಕಳೆದು, 5.75 ಸೇರಿಸಿ. ಓದು 180, ತೇವಾಂಶ 70 ಇದ್ದರೆ ಉತ್ತರ ಸುಮಾರು 94. ತೇವಾಂಶ 90 ದಾಟಿದ ಓದನ್ನು ಯಾರಿಗೂ ಕಳಿಸಬೇಡಿ. ನಮ್ಮ ದೇಶದ 24 ಗಂಟೆಯ ಮಿತಿ ಪಿಎಂ 2.5ಕ್ಕೆ (2.5 ಮೈಕ್ರಾನಿಗಿಂತ ಸಣ್ಣ ಕಣಕ್ಕೆ) ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. 24 ಗಂಟೆಯ ಸರಾಸರಿ 91 ದಾಟಿದರೆ ಕಳಪೆ, 121 ದಾಟಿದರೆ ತೀರ ಕಳಪೆ.

ಅಂಥ ದಿನ ಹೆಂಚಿನ ಮನೆಯಲ್ಲಿ ಕಿಟಕಿ ಮುಚ್ಚಿದರೆ ಪ್ರಯೋಜನ ಕಡಿಮೆ, ಹೆಂಚಿನ ಸಂದಿಯಿಂದ ಹೊಗೆ ಇಳಿಯುತ್ತದೆ. ಆರ್‌ಸಿಸಿ ತಾರಸಿ ಅಥವಾ ಹಲಗೆಯ ಮುಚ್ಚಿಗೆ ಇರುವ ಒಂದು ಕೋಣೆಯನ್ನು ಉಸಿರಾಟದ ತೊಂದರೆಯವರಿಗೆ, ಮಕ್ಕಳಿಗೆ ಬಿಟ್ಟುಕೊಡಿ. 10ಕ್ಕೆ 12 ಅಡಿ ಕೋಣೆಗೆ ಗಂಟೆಗೆ 200 ಘನ ಮೀಟರ್ ಸಾಮರ್ಥ್ಯದ ಏರ್ ಪ್ಯೂರಿಫೈಯರ್ ಬೇಕು. ಊದುಬತ್ತಿ, ಸೊಳ್ಳೆಬತ್ತಿ ಹಚ್ಚಬೇಡಿ. ತೋಟದ ಕೆಲಸ ಹೊಗೆ ಮೇಲೇಳುವ ಹತ್ತರ ನಂತರ ಶುರುವಾಗಲಿ, ಲೈನ್ ಮನೆಯ ಕಾರ್ಮಿಕರಿಗೂ ಎನ್95 ಮಾಸ್ಕ್ ಕೊಡಿ. ಒದ್ದೆ ಟವೆಲ್ ಸಣ್ಣ ಕಣವನ್ನು ತಡೆಯುವುದಿಲ್ಲ.

ಗಡಿಯಾಚೆಗೆ ಹೇಳುವುದು

ಗಡಿಯಾಚೆ ಕೇರಳದಲ್ಲಿ ಕುಟ್ಟಕ್ಕೆ ಹತ್ತಿರ ತೋಲ್ಪೆಟ್ಟಿ, ಕರಿಕೆಗೆ ಪಾಣತ್ತೂರು, ಮಾಕುಟ್ಟಕ್ಕೆ ಇರಿಟ್ಟಿ ಕಡೆ. ಆಚೆಯ ಅರಣ್ಯ ಕಚೇರಿಯ, ಪಂಚಾಯಿತಿಯ ನಂಬರ್ ಜನವರಿಯಲ್ಲೇ ಇಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಹುಡುಕಲು ಹೋದರೆ ಒಂದು ತಾಸು ಅಲ್ಲೇ ಹೋಗುತ್ತದೆ. ಸಂದೇಶದಲ್ಲಿ ಸಮಯ, ಅಕ್ಷಾಂಶ ರೇಖಾಂಶ, ಗಾಳಿ ಯಾವ ಕಡೆಯಿಂದ, ಉರಿಯುತ್ತಿರುವುದು ಹುಲ್ಲೋ ಲಂಟಾನವೋ ಬಿದಿರೋ, ಹತ್ತಿರದ ಕೆರೆ ಅಥವಾ ಜೀಪು ದಾರಿ ಇರಲಿ. ‘ಬೆಟ್ಟದಲ್ಲಿ ಭಾರಿ ಬೆಂಕಿ’ ಎಂಬ ವಿಡಿಯೋದಿಂದ ಯಾರೂ ಹೊರಡಲಾಗದು. ಗಡಿಯ ಈಚೆ ಕರೆ ಮಾಡಲು 112, ಅರಣ್ಯ ಇಲಾಖೆಯ 1926.

ಆಗ್ನೇಯ ಏಷ್ಯಾದ ದೇಶಗಳು 1997ರ ದೊಡ್ಡ ಹೊಗೆಯ ನಂತರ 2002ರಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು, ಹೊಗೆ ಹೆಚ್ಚು ಹೊರಡುವ ಇಂಡೋನೇಷ್ಯ ಅದನ್ನು ಅನುಮೋದಿಸಿದ್ದು 2014ರಲ್ಲಿ. ಕಾಗದ ತಡವಾಗುತ್ತದೆ, ಎರಡು ಕಡೆಯ ಅರಣ್ಯ ವಾಚರ್‌ಗಳ (ಕಾವಲುಗಾರರ) ನಡುವಿನ ಫೋನ್ ತಡವಾಗಬಾರದು.

ಆರಿಸುವುದು

ಮೀಸಲು ಅರಣ್ಯಕ್ಕೆ ಇಲಾಖೆಯವರಿಲ್ಲದೆ ಕಾಲಿಡಬೇಡಿ. ಕತ್ತಲಲ್ಲಂತೂ ಬೇಡ, ಬೆಂಕಿಗೆ ಬೆದರಿದ ಆನೆ ಎಲ್ಲಿಂದ ಬರುತ್ತದೆಂದು ಹೇಳಲಾಗದು. ಎದುರು ಬೆಂಕಿ ಕೊಡುವುದು (ಬರುವ ಬೆಂಕಿಯ ಮುಂದಿನದನ್ನು ಮೊದಲೇ ಸುಡುವುದು) ತರಬೇತಾದವರ ಕೆಲಸ. ನೀವು ಮಾಡಬಹುದಾದದ್ದು ತೋಟದ ಅಂಚು. ಅಲ್ಲಿ ನಿಂತ ಹುಲ್ಲು, ಲಂಟಾನದ ಎತ್ತರದ ಒಂದೂವರೆ ಪಟ್ಟಾದರೂ ಅಗಲಕ್ಕೆ ಕಡಿದು, ನಡುವೆ ಎರಡು ಅಡಿ ಕೆಮ್ಮಣ್ಣು ಕಾಣುವಂತೆ ಕೆರೆಯಿರಿ. ಇಳಿಜಾರಿನ ಮೇಲ್ಭಾಗದಲ್ಲಿ ಇದರ ದುಪ್ಪಟ್ಟು ಬೇಕು, ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಏರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಂಕಿ ಕೆಳಗಿರುವಾಗ ಯಾರೂ ಅದರ ಮೇಲ್ಗಡೆಯ ಇಳಿಜಾರಿನಲ್ಲಿ ನಿಲ್ಲಬಾರದು. ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪು ಆಗ ಹೇಗೂ ತೋಟದಲ್ಲೇ ಇರುತ್ತದೆ. ಒಂದು ಸಾಲನ್ನು ಗಡಿಯ ಬೇಲಿಯುದ್ದಕ್ಕೂ ಎಳೆದಿಡಿ, ಡೀಸೆಲ್ ಮೋಟಾರ್ ಕೆರೆಯ ಬಳಿಯೇ ಇರಲಿ.

ಜ್ವಾಲೆ ತಗ್ಗಿದ ಮೇಲೆ ಶುರುವಾಗುವುದು ನಿಜವಾದ ಕೆಲಸ. ಇಂಡೋನೇಷ್ಯದ ಸುಮಾತ್ರ, ಕಾಲಿಮಂಥನ್‌ನ ಪೀಟ್ ನೆಲದಲ್ಲಿ (ಅರೆಕೊಳೆತ ಸಸ್ಯಗಳಿಂದಾದ ಜೌಗು ಮಣ್ಣು) ಬೆಂಕಿ ಮಣ್ಣೊಳಗೇ ವಾರಗಟ್ಟಲೆ ಕನಲುತ್ತದೆ, ಅದಕ್ಕೇ ಅಲ್ಲಿ ಕಾಲುವೆಗಳಿಗೆ ಒಡ್ಡು ಹಾಕಿ ಅಂತರ್ಜಲ ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂಥ ವಿಸ್ತಾರದ ಪೀಟ್ ಇಲ್ಲ, ಆದರೆ ಬೊಡ್ಡೆಯ ಬೇರಿನೊಳಗೆ ನಡೆಯುವುದು ಅದೇ. ಸುಟ್ಟ ಅಂಚಿನಿಂದ ಒಳಕ್ಕೆ 30 ಮೀಟರ್ ನಡೆಯುತ್ತ, ಪ್ರತಿ ಬೊಡ್ಡೆಯನ್ನು ಹಾರೆಯಿಂದ ಬಿಡಿಸಿ, ಲದ್ದಿ ಒಡೆದು, 16 ಲೀಟರ್ ಸ್ಪ್ರೇಯರಿನಿಂದ ನೀರು ಬಿಟ್ಟು ಮಣ್ಣಿನೊಂದಿಗೆ ಕಲಸಿ ಕೆಸರು ಮಾಡಿ. ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಬೂದಿಯೊಳಗೆ ಬೇಗ ಇಳಿಯುತ್ತದೆ. ಕಳೆನಾಶಕ ಹಾಕಿದ್ದ ಸ್ಪ್ರೇಯರ್ ಬೇಡ, ಆವಿ ಮೂಗಿಗೆ ಬರುತ್ತದೆ. ಮೇಲೆ ಬರೀ ನೀರು ಚಿಮುಕಿಸಿ ಹೊರಟರೆ ಮರುದಿನ ಮಧ್ಯಾಹ್ನದ ಗಾಳಿಗೆ ಅದೇ ಜಾಗ ಮತ್ತೆ ಹೊತ್ತುತ್ತದೆ. ಇಳಿಜಾರಿನಲ್ಲಿರುವ ಕೊರಡುಗಳನ್ನು ಅಡ್ಡಕ್ಕಿದ್ದಲ್ಲಿಂದ ಉದ್ದಕ್ಕೆ, ಏರುಮುಖವಾಗಿ ತಿರುಗಿಸಿಡಿ, ಇಲ್ಲದಿದ್ದರೆ ಉರುಳಿ ಬೆಂಕಿಯನ್ನು ಕೆಳಗಿನ ಹಾಡಿಗೆ ಒಯ್ಯುತ್ತವೆ.

ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ಶಾಖ ನೋಡಿ, ಏನೂ ತಾಗದಿದ್ದರೆ ಮಾತ್ರ ಮುಟ್ಟಿ. ಮರುದಿನ ಬೆಳಗ್ಗೆ ಆರಕ್ಕೆ, ಗಾಳಿ ಏಳುವ ಮೊದಲು, ಎತ್ತರದಿಂದ ನೋಡಿ: ಕನಲುವ ಪ್ರತಿ ಬೊಡ್ಡೆಯಿಂದ ತಂಪು ಗಾಳಿಯಲ್ಲಿ ಒಂದೊಂದು ತೆಳ್ಳನೆ ಗೆರೆ ನೇರ ಮೇಲೇಳುತ್ತದೆ. ಅವನ್ನು ಎಣಿಸಿ ಒಂದೊಂದಕ್ಕೂ ಮತ್ತೆ ಹೋಗಬೇಕು. ಎರಡು ಬೆಳಗು ಗೆರೆ ಕಾಣದೆ, ಎರಡು ರಾತ್ರಿ ನಕ್ಷೆಯಲ್ಲಿ ಚುಕ್ಕೆ ಬೀಳದೆ ಇದ್ದರೆ ಕಾವಲಿನವರನ್ನು ಮನೆಗೆ ಕಳಿಸಿ, ಆಚೆಯವರಿಗೂ ತಿಳಿಸಿ.