ಪಣಜಿಯ ಆದಿಲ್ ಶಾಹಿ ಅರಮನೆಗೆ ನಮ್ಮ ಶಾಲೆ ಮಕ್ಕಳ ಜೊತೆ

ಗೋವಾದ ವಾಸ್ಕೋದಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಮಕ್ಕಳ ಮನೆಯವರು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ದುಡಿಯಲು ಬಂದವರು. ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲೇ. ಆದರೂ ಗೋವಾದ ಚರಿತ್ರೆ ಅಂದರೆ ಅದು ಬೇರೆ ಯಾರದ್ದೋ ಅಂತ ಅವರಿಗೆ ಅನ್ನಿಸುತ್ತದೆ. 'ಘಾಂಟಿ' (ಘಟ್ಟದ ಮೇಲಿಂದ ಬಂದವರು ಅಂತ ಹೀಯಾಳಿಸುವ ಮಾತು) ಅಂತ ಕರೆಸಿಕೊಂಡು ಬೆಳೆದ ಮಗುವಿಗೆ ಇನ್ನೇನು ಅನ್ನಿಸಬೇಕು ಹೇಳಿ? ಅದಕ್ಕೇ ಮಳೆ ನಿಂತ ಮೇಲೆ ಏಳನೇ ತರಗತಿಯವರನ್ನು ಪಣಜಿಯ ಹಳೇ ಸೆಕ್ರೆಟರಿಯೇಟ್‌ಗೆ, ಅಂದರೆ ಆದಿಲ್ ಶಾಹಿ ಅರಮನೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ಪಣಜಿಯ ಪಾಟೋ ಪ್ರದೇಶದಲ್ಲಿದ್ದ ಗೋವಾ ರಾಜ್ಯ ಮ್ಯೂಸಿಯಂ ಸದ್ಯಕ್ಕೆ ಇರೋದು ಅಲ್ಲೇ. ಮಕ್ಕಳನ್ನೋ ಊರಿಂದ ಬಂದ ನೆಂಟರನ್ನೋ ಕರೆದೊಯ್ಯುವವರಿಗೆ ಅನುಕೂಲ ಆಗಲಿ ಅಂತ, ನಾನು ಹೇಗೆ ತೋರಿಸುತ್ತೇನೆ ಅನ್ನೋದನ್ನು ಬರೆಯುತ್ತಿದ್ದೇನೆ.

ಬಂದ ಕೂಡಲೇ ಒಳಗೆ ನುಗ್ಗಬೇಡಿ. ಈ ಮ್ಯೂಸಿಯಂನಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಆ ಕಟ್ಟಡವೇ. ಅದನ್ನು ನೋಡಬೇಕಾದರೆ ಹೊರಗೆ ನಿಲ್ಲಬೇಕು.

ನಾವು ಮೊದಲು ಹೊಳೆ ದಂಡೆಗೆ ಹೋಗುತ್ತೇವೆ. ಎದುರಿಗೆ ಮಾಂಡವಿ, ನೀರಿನ ಮೇಲೆ ಕ್ಯಾಸಿನೊ ಹಡಗುಗಳು. ಮಕ್ಕಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಹೋಗಲಿ. ಆಮೇಲೆ ಕೇಳುತ್ತೇನೆ, ಈ ನೀರು ಎಲ್ಲಿಂದ ಬಂತು? ಮಾಂಡವಿ ಅಂದರೆ ನಮ್ಮ ಮಹದಾಯಿ, ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಹೊಳೆ. ಗದಗ ಕಡೆಯ ಮಕ್ಕಳು ಆ ಹೆಸರನ್ನು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಅಲ್ಲಿಗೆ ಅವರ ಮುಖದಲ್ಲಿ ಒಂದು ಕುತೂಹಲ ಬರುತ್ತದೆ.

ಈಗ ಹೊಳೆಗೆ ಬೆನ್ನು ಮಾಡಿ ಅರಮನೆ ನೋಡಿ ಅನ್ನುತ್ತೇನೆ. ಕಟ್ಟಿಸಿದವನು ಯೂಸುಫ್ ಆದಿಲ್ ಶಾಹ್, ವಿಜಯಪುರದ ಮೊದಲ ಸುಲ್ತಾನ. ಇಷ್ಟು ಹೇಳಿದರೆ ಸಾಕು, ಪ್ರಶ್ನೆ ಬರುತ್ತದೆ:

"ಸರ್, ಹಂಗಾದ್ರ ಗೋಳಗುಮ್ಮಟ ಕಟ್ಟಿಸಿದಾಂವನೂ ಇವನ ಏನ್ರೀ?"

ಅಲ್ಲ. ಗೋಳಗುಮ್ಮಟ ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನು ತೀರಿಕೊಂಡದ್ದು 1656ರಲ್ಲಿ, ಯೂಸುಫ್ ಸತ್ತು ನೂರೈವತ್ತು ವರ್ಷಕ್ಕೆ ಹತ್ತಿರ ಆದ ಮೇಲೆ. ಯೂಸುಫನ ಗೋರಿ ಇರೋದು ವಿಜಯಪುರದಲ್ಲೂ ಅಲ್ಲ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ. ತರಗತಿಯಲ್ಲಿ ಶಹಾಪುರ ಕಡೆಯ ಮಗು ಒಂದಿದ್ದರೆ ಈ ಮಾತಿಗೆ ಎದ್ದು ಕುಣಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಈಗ ಕಾಣುವ ಇಳಿಜಾರು ಹೆಂಚಿನ ಮಾಡು, ಸಾಲು ಕಿಟಕಿಗಳು, ಇವೆಲ್ಲ ಸುಲ್ತಾನನ ಕಾಲದವಲ್ಲ. ಪೋರ್ಚುಗೀಸರು ಮನೆಯನ್ನು ತಮಗೆ ಬೇಕಾದ ಹಾಗೆ ಮಾಡಿಕೊಂಡರು. ಜಾಗ ಸುಲ್ತಾನನದು, ರೂಪ ಪೋರ್ಚುಗೀಸರದು ಅಂತ ಮಕ್ಕಳಿಗೆ ನೇರವಾಗಿ ಹೇಳಿಬಿಡಿ. ಗುಮ್ಮಟ, ಮಿನಾರು ಹುಡುಕಿ ನಿರಾಶೆ ಆಗೋದು ತಪ್ಪುತ್ತದೆ.

1510ರ ಕತೆಯನ್ನು ದಂಡೆಯ ಮೇಲೆ ನಿಂತೇ ಹೇಳಬೇಕು, ಒಳಗೆ ಹೇಳಿದರೆ ರುಚಿ ಹತ್ತಲ್ಲ. ಆ ವರ್ಷ ಮಳೆಗಾಲಕ್ಕೆ ಮುಂಚೆ ಪೋರ್ಚುಗೀಸರ ದಳಪತಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾ ಹಿಡಿದ. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಅವನನ್ನು ಊರಿಂದ ಓಡಿಸಿತು. ಪೋರ್ಚುಗೀಸರು ಹಡಗು ಹತ್ತಿದರು, ಆದರೆ ಮಳೆಗಾಲ ಶುರುವಾಗಿತ್ತು, ಹೊಳೆಯ ಬಾಯಿ ದಾಟಿ ಸಮುದ್ರಕ್ಕೆ ಹೋಗುವ ಹಾಗಿಲ್ಲ. ಇದೇ ನೀರಿನಲ್ಲಿ ಸಿಕ್ಕಿಹಾಕಿಕೊಂಡರು. ಊಟಕ್ಕಿಲ್ಲ, ಮೇಲಿಂದ ಮಳೆ, ದಂಡೆಯ ಮೇಲಿನ ಪಣಜಿ ಕೋಟೆಯಿಂದ ತೋಪಿನ ಗುಂಡು. ಆಗಸ್ಟ್‌ನಲ್ಲಿ ಹೇಗೋ ಹೊರಬಿದ್ದವರು ಮತ್ತೆ ಬಂದು ನವೆಂಬರ್ 25ಕ್ಕೆ ಗೋವಾ ಗೆದ್ದರು. ಹಡಗು ಎಲ್ಲಿ ನಿಂತಿರಬಹುದು, ಗುಂಡು ಎಲ್ಲಿಂದ ಬಂದಿರಬಹುದು ಅಂತ ಮಕ್ಕಳೇ ಕೈ ಮಾಡಿ ತೋರಿಸುತ್ತಾರೆ. ಪುಸ್ತಕದ ಪಾಠದಲ್ಲಿ ಇಷ್ಟು ಚೆನ್ನಾಗಿ ತಿಳಿಯೋದಿಲ್ಲ.

ರಾಜಧಾನಿ ಆಗ ಹಳೇ ಗೋವಾ. ಅಲ್ಲಿ ಪದೇ ಪದೇ ರೋಗ ಬಂದು ಜನ ಸಾಯತೊಡಗಿದರು, ಊರು ಖಾಲಿಯಾಯಿತು. 1759ರಲ್ಲಿ ವೈಸರಾಯ್, ಅಂದರೆ ಪೋರ್ಚುಗಲ್ ರಾಜನ ಪರವಾಗಿ ಆಳುತ್ತಿದ್ದವನು, ಈ ಅರಮನೆಗೆ ಬಂದು ನೆಲೆಸಿದ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿ ಆಯಿತು. 1918ರಲ್ಲಿ ಗವರ್ನರ್ ಮನೆ ದೋನಾ ಪಾವ್ಲಾ ಹತ್ತಿರದ ಕಾಬೋಗೆ ಹೋಯಿತು, ಈಗಲೂ ರಾಜ್ಯಪಾಲರು ಇರೋದು ಅಲ್ಲೇ. ಇಲ್ಲಿ ಸರ್ಕಾರಿ ಕಚೇರಿಗಳು ಬಂದವು. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆದ ಮೇಲೆ ಶಾಸನಸಭೆಯೂ ಇಲ್ಲೇ ಕೂತಿತು. 2000ದಲ್ಲಿ ಅದು ಹೊಳೆಯ ಆಚೆ ದಂಡೆಯ ಪರ್ವರಿಗೆ ಹೋಯಿತು. ಸುಲ್ತಾನ, ವೈಸರಾಯ್, ನಮ್ಮ ಓಟಿನಿಂದ ಗೆದ್ದ ಶಾಸಕರು, ಎಲ್ಲರೂ ಒಂದೇ ಸೂರಿನ ಕೆಳಗೆ ಅಧಿಕಾರ ನಡೆಸಿದ್ದಾರೆ. ನಾಗರಿಕ ಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ.

ಆಮೇಲೆ ಒಳಗೆ. ಎಲ್ಲ ಕೋಣೆಯನ್ನೂ ತೋರಿಸಲೇಬೇಕು ಅನ್ನೋ ಹಟ ಬಿಟ್ಟುಬಿಡಿ. ಪ್ರತಿ ಮಗುವೂ ಒಂದೇ ವಸ್ತು ಆರಿಸಿಕೊಂಡು, ಅದರ ಮುಂದೆ ನೆಲದ ಮೇಲೆ ಕೂತು ಪೆನ್ಸಿಲಿನಲ್ಲಿ ಚಿತ್ರ ಬರೆಯಬೇಕು. ಚಿತ್ರ ಚೆನ್ನಾಗಿ ಬರಬೇಕಂತ ಏನಿಲ್ಲ. ಬರೆಯೋಕೆ ಕೂತರೆ ಕಣ್ಣು ಅಲ್ಲೇ ನಿಲ್ಲುತ್ತದೆ, ಅಷ್ಟೇ ಬೇಕಾದದ್ದು.

ನಾನು ಜಾಸ್ತಿ ಹೊತ್ತು ಕಳೆಯೋದು ಕಲ್ಲುಗಳ ಹತ್ತಿರ, ಅದರಲ್ಲೂ ವೀರಗಲ್ಲಿನ ಮುಂದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಕತ್ತಿ ಹಿಡಿದು ಹೋರಾಡುವ ವೀರ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರೂ ಇರಲಿ ಅಂತ. ಇದನ್ನು ಬಿಡಿಸಿ ಹೇಳುತ್ತಿದ್ದಾಗ ಹಾವೇರಿ ಕಡೆಯ ಹುಡುಗಿಯೊಬ್ಬಳು, "ಸರ್, ಇಂಥಾ ಕಲ್ಲು ನಮ್ಮೂರ ಹಣಮಪ್ಪನ ಗುಡಿ ಮುಂದ ಅದಾವ್ರೀ, ಅವರ ಮ್ಯಾಲೆ ಕುಂತು ಆಡ್ತೀವ್ರೀ" ಅಂದಳು. ಮೊಳಕೈ ಹತ್ತಿರ ಮಡಚಿದ, ಬಳೆ ತೊಟ್ಟ ಕೈ ಕೆತ್ತಿದ ಕಲ್ಲನ್ನೂ ನೋಡಿದ್ದೀಯಾ ಅಂತ ಕೇಳಿದೆ. ನೋಡಿದ್ದಳು. ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು ಅಂದಾಗ ಸುಮ್ಮನಾದಳು. ಆಮೇಲೆ ಅವಳು ಚಿತ್ರ ಬರೆದದ್ದು ವೀರಗಲ್ಲಿನದೇ, ಮೂರೂ ಪಟ್ಟಿ ಬಿಡದೆ.

ಈ ಕಲ್ಲುಗಳ ಜೊತೆ ಗೋವಾ ಕದಂಬರ ಮಾತು ತಾನಾಗೇ ಬರುತ್ತದೆ. ಮಕ್ಕಳಿಗೆ ಕದಂಬ ಅಂದರೆ ಪಣಜಿಗೆ ಬರುವ ಬಸ್ಸು! ಆ ಅರಸರು ಗೋವಾದ ಗೋಪಕಪಟ್ಟಣದಲ್ಲೂ ಆಳಿದರು, ಖಾನಾಪುರ ತಾಲೂಕಿನ ಹಲಸಿಯಲ್ಲೂ ಆಳಿದರು. ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಕಿತ್ತೂರಿನ ಹತ್ತಿರ ದೇಗಾಂವಿಯಲ್ಲಿ ಇವತ್ತೂ ನಿಂತಿದೆ. ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯ ಇತ್ತು ಅನ್ನೋದು ನಮ್ಮ ಮಕ್ಕಳಿಗೆ ತಿಳಿಯಲೇಬೇಕು. ಅದನ್ನು ನಾನು ದನಿ ಎತ್ತಿ ಹೇಳುತ್ತೇನೆ.

ಈ ಮ್ಯೂಸಿಯಂನ ಸಂಗ್ರಹದಲ್ಲಿ ಇನ್‌ಕ್ವಿಸಿಷನ್ ಅನ್ನೋ ಕ್ಯಾಥೊಲಿಕ್ ಧರ್ಮ ವಿಚಾರಣೆಯ ನ್ಯಾಯಮಂಡಳಿಯ ದೊಡ್ಡ ಮೇಜು, ಎತ್ತರದ ಬೆನ್ನಿನ ಕುರ್ಚಿಗಳೂ ಇವೆ. ಯಾವುದನ್ನು ಯಾವಾಗ ಪ್ರದರ್ಶನಕ್ಕೆ ಇಟ್ಟಿರುತ್ತಾರೆ ಅಂತ ಬಾಗಿಲಲ್ಲೇ ಕೇಳಿಕೊಳ್ಳಿ. ಗೋವಾದಲ್ಲಿ ಆ ವಿಚಾರಣೆಗಳು 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ನಡೆದವು. ನಮ್ಮ ತರಗತಿಯಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಚಿತ್ರಹಿಂಸೆಯ ಕತೆ ನಾನು ಹೇಳೋದಿಲ್ಲ. ಮತಾಂತರ ಆದವರು ಹಳೇ ಆಚಾರ ಉಳಿಸಿಕೊಂಡಿದ್ದಾರೆ ಅನ್ನೋ ಆರೋಪದ ಮೇಲೆ ಹಿಡಿಯುತ್ತಿದ್ದರು, ಅಂದರೆ ಗೋವಾದ ಕ್ರಿಶ್ಚಿಯನ್ನರೇ ಅದರಲ್ಲಿ ತುಂಬಾ ನೊಂದವರು ಅಂತ ಹೇಳುತ್ತೇನೆ. ಇದನ್ನು ಹೇಳದೆ ಬಿಟ್ಟರೆ ಮಕ್ಕಳು ತಪ್ಪು ಕಡೆ ಬೆರಳು ತೋರಿಸುತ್ತಾರೆ.

ಹೊರಗೆ ಬಂದರೆ ಪಕ್ಕದಲ್ಲೇ ಅಬ್ಬೆ ಫಾರಿಯಾ ಪ್ರತಿಮೆ. ಬಿದ್ದ ಹೆಂಗಸಿನ ಮೇಲೆ ಕೈ ಚಾಚಿ ನಿಂತ ಪಾದ್ರಿಯನ್ನು ನೋಡಿ ಚಿಕ್ಕ ಮಕ್ಕಳು ಹೆದರೋದುಂಟು. ಅವರು 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದವರು. ಸಮ್ಮೋಹನ ಮಾಂತ್ರಿಕನ ಶಕ್ತಿಯಲ್ಲ, ಒಳಗಾಗುವವರ ಮನಸ್ಸಿನಲ್ಲೇ ಇರುವಂಥದ್ದು ಅಂತ ಮೊದಲು ಹೇಳಿದವರಲ್ಲಿ ಒಬ್ಬರು. ಪ್ರತಿಮೆ ಮಾಡಿದವರು ರಾಮಚಂದ್ರ ಪಾಂಡುರಂಗ ಕಾಮತ್, 1945ರಲ್ಲಿ.

ಕೆಲವು ಸಣ್ಣ ವಿಷಯ. ಶಾಲೆಯಿಂದ ಹೋಗುವುದಾದರೆ ಮುಂಚೆಯೇ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟಿರಿ. ಬೆಳಿಗ್ಗೆಯೇ ತಲುಪಿ, ಮಧ್ಯಾಹ್ನ ದಂಡೆಯ ಮೇಲೆ ಬಿಸಿಲು ತಡೆಯಲ್ಲ. ಡಿಸೆಂಬರ್‌ನಲ್ಲಿ ಸೆರೆಂಡಿಪಿಟಿ ಕಲಾ ಉತ್ಸವದ ಸಮಯಕ್ಕೆ ಆ ಕಡೆ ಜನ ಜಾಸ್ತಿ, ಮಕ್ಕಳ ಗುಂಪು ಬೇಡ. ಹೊತ್ತು ಉಳಿದರೆ ಬಸ್ ಹತ್ತಿ ಹಳೇ ಗೋವಾದ ಪುರಾತತ್ವ ಇಲಾಖೆ ಮ್ಯೂಸಿಯಂಗೆ ಹೋಗಿ, ಶುಕ್ರವಾರ ಒಂದು ಬಿಟ್ಟು. ವೈಸರಾಯ್‌ಗಳ, ಗವರ್ನರ್‌ಗಳ ಭಾವಚಿತ್ರಗಳ ಸಾಲು ಅಲ್ಲಿದೆ. 1547ರಲ್ಲಿ ಆಗಿನ ಪೋರ್ಚುಗೀಸ್ ಗವರ್ನರ್ ಜೊವಾಂವ್ ದ ಕಾಸ್ತ್ರು ಬರೆಸಲು ಶುರುಮಾಡಿದ್ದು. ನಮ್ಮ ಮಕ್ಕಳು ಅಲ್ಲಿ ಪಣಜಿಯ ಮನೆಯಲ್ಲಿ ಇದ್ದವರು ಯಾರ್ಯಾರು ಅಂತ 1759ರಿಂದ ಈಚೆಯ ಮುಖಗಳನ್ನು ಹುಡುಕುತ್ತಾರೆ.