ಹಳೆಯ ಪೇಟಿ ಕೊಳ್ಳುವ ಮುನ್ನ ಬಿಚ್ಚಿ ನೋಡಿ

ಶ್ರಾವಣಕ್ಕೆ ಹದಿನೈದು ದಿನ ಇರುವಾಗ ಕುಷ್ಟಗಿ ಕಡೆಯ ಒಂದು ಊರಿನ ಭಜನಾ ಸಂಘದ ಮೂವರು ಗಂಗಾವತಿಯ ನಮ್ಮ ಅಂಗಡಿಗೆ ಬಂದರು. ರಗ್ಗಿನಲ್ಲಿ ಸುತ್ತಿ ತಂದಿದ್ದ ಹಾರ್ಮೋನಿಯಂ ಮೇಜಿನ ಮೇಲಿಟ್ಟು, "ಅಕ್ಕ, ನೂರು ವರ್ಷದ ಪೇಟಿ, ಜರ್ಮನ್ ರೀಡು ಎಂದು ಹೇಳಿ ಕೊಟ್ಟರು. ಸಂಘದ ದುಡ್ಡೆಲ್ಲ ಹಾಕಿದ್ದೇವೆ. ಆದರೆ ಹಾಡಲು ಕುಳಿತರೆ ಧ್ವನಿ ಸೇರುತ್ತಿಲ್ಲ" ಎಂದರು. ಕೊಂಡ ಮೇಲೆ ತೋರಿಸಲು ಬರುವವರೇ ಹೆಚ್ಚು. ಕೊಳ್ಳುವ ಮೊದಲೇ ಒಂದು ಗಂಟೆ ಕುಳಿತು ನೋಡಿದರೆ ಏನೇನು ತಿಳಿಯುತ್ತದೆ ಎಂಬುದನ್ನು ಈ ಪೇಟಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ. ನಾನು ಈ ಕೆಲಸ ಕಲಿತದ್ದು ತಂದೆಯಿಂದ. ಅವರು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದವರು.

ಮೊದಲು ಒಂದು ಮಾತು ತಿಳಿದಿರಲಿ. ಹಳೆಯ ಪೇಟಿಗೆ ಒಂದೇ ವಯಸ್ಸು ಇರುವುದಿಲ್ಲ. ಮರದ ಪೆಟ್ಟಿಗೆಗೆ ಒಂದು ವಯಸ್ಸು, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳಿಗೆ ಒಂದು, ಗಾಳಿ ಹಾಕುವ ತಿದಿಗೆ ಒಂದು, ಮುಂದೆ ಅಂಟಿಸಿದ ಕಂಪನಿಯ ಚೀಟಿಗೆ ಇನ್ನೊಂದು. ಮಾರುವವನು ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ತೋರಿಸಿ ಇಡೀ ಪೇಟಿಯ ಬೆಲೆ ಹೇಳುತ್ತಾನೆ. ನೀವು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಚೀಟಿಯಿಂದ ಆರಂಭಿಸೋಣ, ಏಕೆಂದರೆ ಎಲ್ಲರೂ ನಂಬುವುದು ಅದನ್ನೇ. ಆರು ಅಂಕಿಯ ಪಿನ್ ಕೋಡ್ ನಮ್ಮ ದೇಶದಲ್ಲಿ ಬಂದದ್ದು 1972ರ ಆಗಸ್ಟ್ 15ರಂದು. ಚೀಟಿಯ ವಿಳಾಸದಲ್ಲಿ ಆರು ಅಂಕಿ ಇದ್ದರೆ ಆ ಚೀಟಿ ಅದಕ್ಕಿಂತ ಹಿಂದಿನದಲ್ಲ. ಊರಿನ ಹೆಸರಿನ ಮುಂದೆ ಬರೀ ಒಂದೆರಡು ಅಂಕಿ, ಅಂದರೆ ಬಾಂಬೆ-4 ಎಂಬಂತೆ ಇದ್ದರೆ ಅದು ಹಳೆಯ ಪದ್ಧತಿ. ಆದರೆ ಹಳೆಯ ಪದ್ಧತಿಯ ಚೀಟಿಗಳನ್ನು ಅಂಗಡಿಯವರು ಮುಗಿಯುವವರೆಗೂ ಅಂಟಿಸುತ್ತಲೇ ಇರುತ್ತಾರೆ. ಹಾಗಾಗಿ "ಇದಕ್ಕಿಂತ ಹಿಂದಿನದಲ್ಲ" ಎಂದು ಹೇಳುವ ಗುರುತು ಗಟ್ಟಿ, "ಇದಕ್ಕಿಂತ ಈಚಿನದಲ್ಲ" ಎನ್ನುವ ಗುರುತು ಸಡಿಲ. ಇಂಗ್ಲಿಷಿನಲ್ಲಿ ಮುಂಬೈ ಎಂದಿದ್ದರೆ 1995ರ ನಂತರದ್ದು, ಕೋಲ್ಕತಾ ಎಂದಿದ್ದರೆ 2001ರ ನಂತರದ್ದು ಎಂದು ತಿಳಿಯಬಹುದು.

ನಮ್ಮ ಭಾಗದ ಪೇಟಿಗಳಿಗೆ ಇನ್ನೊಂದು ಅನುಕೂಲವಿದೆ. ತಯಾರಿಸಿದವರ ಚೀಟಿಯ ಜೊತೆಗೆ ಮಾರಿದ ಅಂಗಡಿಯವರ ತಗಡು ಅಥವಾ ಮುದ್ರೆ ಮುಚ್ಚಳದ ಒಳಗೆ ಇರುವುದುಂಟು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿಯ ಅಂಗಡಿ ತನ್ನನ್ನು ಮದ್ರಾಸ್ ಪ್ರಾಂತ್ಯದ್ದು ಎಂದು ಕರೆದುಕೊಂಡಿದ್ದರೆ, ರಾಯಚೂರಿನದು ನಿಜಾಮ್ ಸಂಸ್ಥಾನದ್ದು ಎಂದು ಬರೆದುಕೊಂಡಿದ್ದರೆ ಅದಕ್ಕೆ ತೂಕವಿದೆ. ಅಪರೂಪಕ್ಕೆ ರಸೀದಿಯೂ ಸಿಗುತ್ತದೆ. ಅದರಲ್ಲಿ ಆಣೆ, ಪೈ ಲೆಕ್ಕವಿದ್ದರೆ 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ ಬರುವ ಹಿಂದಿನ ಕಾಲದ್ದು ಎನ್ನಬಹುದು. ರಾಯಚೂರು ಸೀಮೆಯ ರಸೀದಿಯಲ್ಲಿ ಹಾಲಿ ಸಿಕ್ಕಾ ಎಂದಿದ್ದರೆ ಅದು ನಿಜಾಮರ ನಾಣ್ಯದ ಲೆಕ್ಕ. ಅಂಥ ರಸೀದಿ ಇರುವ ಪೇಟಿ ಸಿಕ್ಕರೆ ರಸೀದಿಯನ್ನು ಪೇಟಿಯಿಂದ ಬೇರೆ ಮಾಡಬೇಡಿ. ಬೇರೆಯಾದರೆ ಎರಡೂ ಸಾಕ್ಷಿ ಕಳೆದುಕೊಳ್ಳುತ್ತವೆ.

ಕುಷ್ಟಗಿಯವರ ಪೇಟಿಯ ಮುಂದೆ ಕಲ್ಕತ್ತೆಯ ಹೊಳೆಯುವ ಚೀಟಿ ಇತ್ತು, ಅದರಲ್ಲಿ ಆರು ಅಂಕಿ. ನೂರು ವರ್ಷದ ಮಾತು ಅಲ್ಲಿಗೇ ಅನುಮಾನಕ್ಕೆ ಬಂತು. ಆದರೆ ನಾನು ಏನೂ ಹೇಳಲಿಲ್ಲ. ಚೀಟಿಯೊಂದನ್ನೇ ನೋಡಿ ತೀರ್ಪು ಕೊಡುವುದು ಸರಿಯಲ್ಲ.

ಈಗ ಬಿಚ್ಚಬೇಕು. ಬಿಚ್ಚಲು ಒಪ್ಪದವರ ಬಳಿ ಕೊಳ್ಳಬೇಡಿ. ಮೇಲಿನ ಹಲಗೆ ತೆಗೆಯಿರಿ, ಮನೆಗಳು, ಅಂದರೆ ಬೆರಳಿನಿಂದ ಒತ್ತುವ ಬಿಳಿ, ಕರಿ ಪಟ್ಟಿಗಳು ಇರುವ ಹಲಗೆಯ ಸ್ಕ್ರೂ ಅಥವಾ ಕೊಂಡಿ ಬಿಡಿಸಿ, ಎರಡೂ ಕೈಯಿಂದ ಎತ್ತಿ ಮಗುಚಿ ಹಾಕಿ. ರೀಡುಗಳು ಆ ಹಲಗೆಯ ತಳದಲ್ಲಿ ಸಾಲಾಗಿರುತ್ತವೆ. ಕೈಯಿಂದ ಮುಟ್ಟಬೇಡಿ, ಬೆವರು ಹಿತ್ತಾಳೆಯನ್ನು ತಿನ್ನುತ್ತದೆ. ಒಂದು ಟಾರ್ಚು, ಒಂದು ಭೂತಕನ್ನಡಿ ಸಾಕು.

ನೋಡಬೇಕಾದದ್ದು ಹೊಳಪಲ್ಲ, ಒಂದೇ ತನ. ಒಂದೇ ಕಡೆ ಒಂದೇ ಸಲ ಮಾಡಿದ ರೀಡುಗಳ ತಟ್ಟೆಯ ದಪ್ಪ ಒಂದೇ ಇರುತ್ತದೆ, ಅಂಚು ಕತ್ತರಿಸಿದ ರೀತಿ ಒಂದೇ ಇರುತ್ತದೆ, ಗಾಳಿಗೆ ನಡುಗಿ ಸ್ವರ ಕೊಡುವ ತೆಳು ನಾಲಿಗೆಯನ್ನು ತಟ್ಟೆಗೆ ಕೂಡಿಸಿದ ಮೊಳೆಯ ತಲೆ ಒಂದೇ ಇರುತ್ತದೆ. ತಟ್ಟೆಯ ಮೇಲೆ ಒತ್ತಿದ ಸ್ವರದ ಅಕ್ಷರಗಳ ಆಕಾರವೂ ಒಂದೇ ಇರುತ್ತದೆ. ಅಕ್ಷರದ ಆಕಾರ ಬದಲಾದ ಕಡೆ ರೀಡು ಬದಲಾಗಿದೆ. ಹಿತ್ತಾಳೆಯ ಬಣ್ಣವನ್ನಷ್ಟೇ ನಂಬಬೇಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಎಪ್ಪತ್ತು ವರ್ಷದ ಹಿತ್ತಾಳೆಯೂ ನಿನ್ನೆಯದಾಗುತ್ತದೆ. ಒಂದೆರಡು ರೀಡಿನ ಸ್ಕ್ರೂ ಬಿಚ್ಚಿದಾಗ ತಟ್ಟೆಯ ಕೆಳಗಿನ ಮರದಲ್ಲಿ ಅದೇ ಅಳತೆಯ ತಿಳಿ ಗುರುತು ಇದ್ದರೆ ಅದು ತನ್ನ ಜಾಗದಲ್ಲೇ ಕುಳಿತು ಹಳತಾದದ್ದು. ಗುರುತು ಅಗಲವಾಗಿ ತಟ್ಟೆ ಕಿರಿದಾಗಿದ್ದರೆ ಅಲ್ಲಿ ಮೊದಲು ಬೇರೆ ರೀಡು ಇತ್ತು. ಪಕ್ಕದಲ್ಲಿ ಹಳೆಯ ಸ್ಕ್ರೂ ತೂತಿಗೆ ಕಡ್ಡಿ ತುರುಕಿ ಮುಚ್ಚಿದ್ದೂ ಕಾಣಬಹುದು.

ಜರ್ಮನ್ ರೀಡು ಎಂಬ ಮಾತಿನ ಬಗ್ಗೆ ಹೇಳಲೇಬೇಕು. ಹಿಂದೆ ಜರ್ಮನಿಯಿಂದ, ಪ್ಯಾರಿಸ್‌ನಿಂದ ರೀಡುಗಳು ಬರುತ್ತಿದ್ದುದು ನಿಜ. ಈಗ ಮಾರಾಟದಲ್ಲಿ ಅದು ಒಂದು ಬಗೆಯ ಹೆಸರಾಗಿಬಿಟ್ಟಿದೆ. ಗುಜರಾತಿನ ಪಾಲಿತಾಣದಲ್ಲಿ ಒಳ್ಳೆಯ ರೀಡುಗಳು ತಯಾರಾಗುತ್ತವೆ, ಅವುಗಳ ನಾದಕ್ಕೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಒಳ್ಳೆಯ ಪಾಲಿತಾಣದ ರೀಡಿಗೆ ಜರ್ಮನಿಯ ಹೆಸರು ಹೇಳಿ ಮಾರುವುದು ಆ ಕುಶಲಕರ್ಮಿಗಳಿಗೂ ಮಾಡುವ ಅನ್ಯಾಯ.

ಮುಂದೆ ನಾಲಿಗೆಯ ಮೇಲಿನ ಅರದ ಗುರುತುಗಳು. ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಮೊಳೆಯ ಹತ್ತಿರ ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಹಳೆಯ ಸಣ್ಣ ಗೆರೆಗಳು ಮಂಕಾಗಿ ಹಿತ್ತಾಳೆಯ ಬಣ್ಣಕ್ಕೆ ಸೇರಿರುತ್ತವೆ, ಹೊಸ ಗೆರೆ ಮಿನುಗುತ್ತದೆ. ತುದಿ, ಬುಡ ಎರಡೂ ಕಡೆ ಆಳವಾಗಿ ಉಜ್ಜಿದ ರೀಡು ಹಲವರ ಕೈಗೆ ಸಿಕ್ಕಿ ಸೋತದ್ದು. ಅದು ಯಾವಾಗ ಬೇಕಾದರೂ ಮುರಿಯಬಹುದು.

ಇನ್ನು ಮೊಬೈಲ್ ತೆಗೆಯಿರಿ. ಶ್ರುತಿ ಅಳೆಯುವ ಆ್ಯಪ್ ಹಾಕಿಕೊಂಡು, ಪೇಟಿಯನ್ನು ಮತ್ತೆ ಜೋಡಿಸಿ, ಮೆಲ್ಲಗೆ ಒಂದೇ ಸಮನೆ ಗಾಳಿ ಹಾಕುತ್ತ ಒಂದೊಂದೇ ಮನೆ ನುಡಿಸಿ ಬರೆದುಕೊಳ್ಳಿ. ಇಂದಿನ ಪೇಟಿಗಳಲ್ಲಿ ಮಧ್ಯ ಸಪ್ತಕದ ಬಿಳಿ ಆರು, ಅಂದರೆ ಆರನೆಯ ಬಿಳಿ ಮನೆ (ಆ್ಯಪ್‌ನಲ್ಲಿ A), 440 ಹರ್ಟ್ಸ್‌ಗೆ ಇರುತ್ತದೆ. ಈ ಅಳತೆಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1939ರಲ್ಲಿ. ಅದಕ್ಕೂ ಮೊದಲು ಫ್ರಾನ್ಸ್ 1859ರಲ್ಲಿ 435 ಎಂದು ಗೊತ್ತುಮಾಡಿತ್ತು. ಎರಡಕ್ಕೂ ಇರುವ ಅಂತರ ಸುಮಾರು 20 ಸೆಂಟ್, ಅಂದರೆ ಒಂದು ಮನೆಯಿಂದ ಪಕ್ಕದ ಕರಿ ಮನೆಗೆ ಇರುವ ದೂರದ ಐದರಲ್ಲೊಂದು ಪಾಲು. ಪೇಟಿಯ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಕೆಳಗಿದ್ದರೆ ಅದು ದೋಷವಲ್ಲ, ಹಳೆಯ ಶ್ರುತಿ ಹಾಗೆಯೇ ಉಳಿದಿರಬಹುದು. ಕೆಲವು ಕೆಳಗೆ, ಕೆಲವು ಸರಿಯಾಗಿ 440ರ ಲೆಕ್ಕಕ್ಕೆ ಇದ್ದರೆ ರೀಡು ಬದಲಾದ ಜಾಗಗಳು ಕಿವಿಗೇ ಸಿಕ್ಕಂತೆ. ಒಂದು ಎಚ್ಚರಿಕೆ ಇರಲಿ, ಧೂಳು ಕುಳಿತರೂ ಸ್ವರ ಇಳಿಯುತ್ತದೆ. ನಮ್ಮ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ತೌಡಿನ ಪುಡಿ ಸಂದು ಸಂದಿಗೆ ಹೋಗಿ ಕೂರುತ್ತದೆ. ಮೆತ್ತನೆ ಕುಂಚದಿಂದ ಒರೆಸಿ ಆಮೇಲೆ ಅಳೆಯಿರಿ.

ಕುಷ್ಟಗಿಯ ಪೇಟಿಯಲ್ಲಿ 39 ಮನೆ, ಎರಡು ಸಾಲು, ಒಟ್ಟು 78 ರೀಡು. ಖರ್ಜದ, ಅಂದರೆ ತಗ್ಗು ಸ್ವರದ ಸಾಲು ಪೂರ್ತಿ ಒಂದೇ ಕೈಯದು. ಮೇಲಿನ ಸಾಲಿನಲ್ಲಿ 14 ರೀಡುಗಳ ಅಕ್ಷರ ಬೇರೆ, ಮೊಳೆ ಬೇರೆ. ಹಳೆಯ 64 ರೀಡುಗಳು 18ರಿಂದ 22 ಸೆಂಟ್ ಕೆಳಗೆ, ಹೊಸ 14 ಸರಿಯಾಗಿ 440ಕ್ಕೆ. ಧ್ವನಿ ಸೇರದಿರುವ ಕಾರಣ ಇದೇ.

ಮರದ ವಿಷಯ. ಹಳೆಯ ಪೆಟ್ಟಿಗೆಗಳು ಸಾಮಾನ್ಯವಾಗಿ ಗಟ್ಟಿ ತೇಗದ ಹಲಗೆಯವು. ಒಳಗಿನ ಅಂಟನ್ನು ನೋಡಿ. ಚರ್ಮ, ಎಲುಬು ಕುದಿಸಿ ಮಾಡಿದ ಹಳೆಯ ಅಂಟು ಬೆಲ್ಲದ ಬಣ್ಣದ್ದು, ಉಗುರು ತಾಗಿಸಿದರೆ ಗಾಜಿನ ಹಾಗೆ ಚಿಟ್ಟನೆ ಒಡೆಯುತ್ತದೆ, ಬಿಸಿನೀರಿನ ಹನಿ ಬಿಟ್ಟರೆ ಮೆತ್ತಗಾಗುತ್ತದೆ. ಬಿಳಿ ಅಂಟು ಒಣಗಿದ ಮೇಲೂ ಪ್ಲಾಸ್ಟಿಕ್ಕಿನಂತೆ ಬಾಗುತ್ತದೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ, ಆದ್ದರಿಂದ ಬಿಳಿ ಅಂಟಿನ ಕೀಲು ಅದಕ್ಕಿಂತ ಹಿಂದಿನದಾಗುವ ಸಂಭವ ಕಡಿಮೆ. ಸ್ಕ್ರೂಗಳಲ್ಲಿ ಒಂದೇ ಗೀರಿನ ತಲೆ ಹಳೆಯ ಕ್ರಮ, ನಕ್ಷತ್ರದ ತಲೆಯದು ಕಂಡರೆ ಈಚೆಗೆ ಯಾರೋ ಬಿಚ್ಚಿದ್ದಾರೆ. ಪಾಲಿಶು ಅರಗಿನದೋ ಅಲ್ಲವೋ ತಿಳಿಯಲು, ಹೊರಗೆ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅರಗಾದರೆ ಅಂಟಂಟಾಗುತ್ತದೆ.

ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಹತ್ತಾರು ಬೇಸಿಗೆ ಕಳೆದ ಹಲಗೆ ಕುಗ್ಗುತ್ತದೆ. ಕೀಲಿನ ಹತ್ತಿರ ಕೂದಲೆಳೆಯ ಬಿರುಕು ಬೀಳುತ್ತದೆ. ಎಂಬತ್ತು ವರ್ಷ ಇದೇ ಊರಲ್ಲಿತ್ತು ಎನ್ನುವ ಪೆಟ್ಟಿಗೆಯಲ್ಲಿ ಒಂದೂ ಬಿರುಕು, ಒಂದೂ ಮೇಣದ ತೇಪೆ ಇಲ್ಲವೆಂದರೆ ನನಗೆ ನಂಬಿಕೆ ಬರುವುದಿಲ್ಲ.

ತಿದಿ ಹೊಸದಾಗಿದ್ದರೆ ಬೇಸರಪಡಬೇಡಿ. ಬಟ್ಟೆ, ರಟ್ಟು, ಚರ್ಮ ಸವೆಯುವ ವಸ್ತುಗಳೇ. ಗಾಳಿ ತುಂಬಿ ಗಾಳಿಯ ದಾರಿ ತೆರೆದು ಮುಚ್ಚುವ ಸ್ಟಾಪರ್ ಗುಂಡಿಗಳನ್ನೆಲ್ಲ ಮುಚ್ಚಿ, ಎಷ್ಟು ಹೊತ್ತು ನಿಲ್ಲುತ್ತದೆ ನೋಡಿದರೆ ಸಾಕು. ಆದರೆ ಒಳಗಿನ ತೇಪೆಗಳನ್ನು ಮಾತ್ರ ಓದಿ. ಗಾಳಿ ಸೋರುವ ಕಡೆ ಹಳೆಯ ರಿಪೇರಿಯವರು ಕೈಗೆ ಸಿಕ್ಕ ಕಾಗದ ಅಂಟಿಸುತ್ತಿದ್ದರು. ಒಮ್ಮೆ ಪಂಚಾಂಗದ ಹಾಳೆ ಸಿಕ್ಕಿತ್ತು, ಪ್ಲವಂಗ ಸಂವತ್ಸರದ್ದು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದೇ ಸಾಲದು. ಪಕ್ಕದಲ್ಲಿ ಶಕ ವರ್ಷ 1889 ಎಂದಿತ್ತು. ಅದಕ್ಕೆ 78 ಕೂಡಿಸಿದರೆ 1967. ಆ ತೇಪೆ 1967ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಮನೆಗಳ ಬಿಳಿ ಹೊದಿಕೆಯನ್ನು ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು, ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆ ಬೇಡವೇ ಬೇಡ. ದಂತ ಎಂದು ಹೇಳಿ ಮಾರಲು ಬಂದರೆ ಎದ್ದು ಬನ್ನಿ, ಆನೆದಂತದ ವ್ಯಾಪಾರ ಕಾನೂನಿನಲ್ಲಿ ಅಪರಾಧ. ಸವೆತ ಎಲ್ಲಿದೆ ಎಂಬುದನ್ನೂ ಗಮನಿಸಿ. ತಂದೆಯವರ ಪೇಟಿಯಲ್ಲಿ ಕರಿ ನಾಲ್ಕರ, ಅಂದರೆ ನಾಲ್ಕನೆಯ ಕರಿ ಮನೆಯ ಸುತ್ತಲಿನ ಮನೆಗಳು ಬೆರಳ ಅಳತೆಗೆ ತಗ್ಗಾಗಿವೆ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ನಟರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು, ಅದರ ಗುರುತು ಅದು. ಎಲ್ಲ ಮನೆಗಳೂ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ.

ಕಥೆಗಳನ್ನೂ ತೂಗಿ ನೋಡಿ. "1955ರಲ್ಲಿ ಧಾರವಾಡ ಆಕಾಶವಾಣಿಯಲ್ಲಿ ನುಡಿಸಿದ ಪೇಟಿ" ಎಂದು ಒಬ್ಬರು ನನಗೇ ಹೇಳಿದ್ದರು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧವಿತ್ತು.

ಕುಷ್ಟಗಿಯ ಪೇಟಿಗೆ ಮರಳುತ್ತೇನೆ. ಮನೆಗಳ ಸಾಲನ್ನು ಪೂರ್ತಿ ಎತ್ತಿದಾಗ ಕೆಳಗಿನ ಹಲಗೆಯ ಎಡ ಮೂಲೆಯಲ್ಲಿ ಪೆನ್ಸಿಲಿನ ಬರಹ ಕಂಡಿತು. ಟಾರ್ಚನ್ನು ಓರೆಯಾಗಿ ಹಿಡಿದ ಮೇಲೆ ಕನ್ನಡ ಅಕ್ಷರ ಮೂಡಿದವು: "ರಿಪೇರಿ 12-3-61". ಆರು ಅಂಕಿಯ ಚೀಟಿ ಹಚ್ಚಿದ ಪೆಟ್ಟಿಗೆ 1961ರಲ್ಲೇ ರಿಪೇರಿಗೆ ಬಂದಿತ್ತು. ಅಂದರೆ ಚೀಟಿಯೇ ಆಮೇಲೆ ಅಂಟಿಸಿದ್ದು. ಅದರ ಅಂಚನ್ನು ಎತ್ತಿ ನೋಡಿದರೆ ಕೆಳಗೆ ಮರ ಸುತ್ತಲಿನಷ್ಟೇ ಕಪ್ಪಾಗಿತ್ತು, ಹಳೆಯ ಸಣ್ಣ ಮೊಳೆಗಳ ಎರಡು ತೂತು ಇದ್ದವು. ಮೊದಲಿದ್ದ ತಗಡನ್ನು ಯಾರೋ ಕಿತ್ತು, ಹೆಚ್ಚು ಬೆಲೆ ಬರಲೆಂದು ಕಲ್ಕತ್ತೆಯ ಹೆಸರು ಹಚ್ಚಿದ್ದರು. ನೂರು ವರ್ಷ ಎನ್ನಲು ಒಂದೂ ಆಧಾರವಿಲ್ಲ. ಆದರೆ ಪೆಟ್ಟಿಗೆ ಚೀಟಿಗಿಂತ ಹಳೆಯದು, 64 ರೀಡುಗಳು ತಮ್ಮ ಜಾಗ ಬಿಟ್ಟಿಲ್ಲ, ಅವುಗಳ ಮೇಲೆ ಹೊಸ ಅರದ ಒಂದು ಗೀರೂ ಇಲ್ಲ. ಇದನ್ನು ಹೇಳುವಾಗ ನನಗೆ ಸಂತೋಷವಾಯಿತು.

"ಎಲ್ಲವನ್ನೂ 440ಕ್ಕೆ ಏರಿಸಿ ಕೊಡಿ ಅಕ್ಕ" ಎಂದು ಕೇಳಿದರು. ನಾನು ಒಪ್ಪಲಿಲ್ಲ. ಅವರ ಸಂಘದಲ್ಲಿ ತಬಲಾ, ದಮ್ಮಡಿ, ತಾಳ ಅಷ್ಟೇ. ಕೀಬೋರ್ಡ್ ಇಲ್ಲ, ಕೊಳಲಿಲ್ಲ. ತಬಲಾವನ್ನು ಪೇಟಿಗೆ ಕೂಡಿಸಿಕೊಂಡರೆ ಆಯಿತು. ಅರವತ್ತನಾಲ್ಕು ಹಳೆಯ ನಾಲಿಗೆಗಳನ್ನು ಉಜ್ಜುವ ಬದಲು ಹದಿನಾಲ್ಕು ಹೊಸವನ್ನು ಬುಡದಲ್ಲಿ ಸ್ವಲ್ಪ ಸ್ವಲ್ಪವೇ ಕೆರೆದು ಕೆಳಗಿಳಿಸಿದೆ. ಎರಡು ದಿನ ಹಿಡಿಯಿತು. ಕಿತ್ತ ಚೀಟಿಯನ್ನು ಲಕೋಟೆಗೆ ಹಾಕಿ ಪೆಟ್ಟಿಗೆಯ ಒಳಗೇ ಇಟ್ಟೆ. ಯಾವ ಮನೆಯ ರೀಡು ಹೊಸದು ಎಂಬ ಪಟ್ಟಿಯನ್ನೂ ಅದರಲ್ಲೇ ಸೇರಿಸಿದೆ. 12-3-61ರ ಕೆಳಗೆ ಅದೇ ಅಳತೆಯ ಅಕ್ಷರದಲ್ಲಿ ಆ ದಿನದ ತಾರೀಖು ಬರೆದು ಹಲಗೆ ಮುಚ್ಚಿದೆ.